ಎಲ್ಲರಿಗೂ ಒಟ್ಟಿಗೆ ಒಂದು

ಮೊನ್ನೆ ಪುತ್ತೂರಿನ ಮಗಳ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಅವಳು ಕೇಕಿನ ಮೇಲಿನ ಮೇಣದಬತ್ತಿ ಊದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆದರೆ ಆರಿದ ಬತ್ತಿಯ ಹೊಗೆ ಮೂಗಿಗೆ ಬಂದದ್ದೇ ತಡ, ನನಗೆ ಕೇಕು ಸೇರಲಿಲ್ಲ. ನಗಬೇಡಿ ಮಾರಾಯ್ರೆ. ಆ ವಾಸನೆ ಬಂದರೆ ನನ್ನ ಮೊಣಕಾಲು ತಾನಾಗಿ ಮಡಚಲು ನೋಡುತ್ತದೆ. ಈಗ ಮಡಚಿದರೆ ಮತ್ತೆ ಏಳುವುದು ಕಷ್ಟ, ಅದು ಬೇರೆ ಮಾತು.

ಇಚಿಲಂಪಾಡಿಯ ನಮ್ಮ ಮನೆಯಲ್ಲಿ ಸಂಜೆಯಾದರೆ ತೇರ್ಸ್. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ. ಜಪಮಾಲೆಯ ಪ್ರಾರ್ಥನೆಗೆ ನಾವು ಹಾಗೆನ್ನುವುದು. ಹೇಳಿಸುತ್ತಿದ್ದವರು ನನ್ನ ಅತ್ತೆ, ನಮಗೆಲ್ಲ ಮಾಂಯ್. ಅವರು ಬತ್ತಿಯನ್ನು ಊದುತ್ತಿರಲಿಲ್ಲ, ಎರಡು ಬೆರಳಲ್ಲಿ ಹಿಸುಕಿ ಆರಿಸುತ್ತಿದ್ದರು. ಆದರೆ ಅದಕ್ಕೆ ಮೊದಲು ಸತ್ತವರ ಸರದಿ ಇತ್ತು. ತೀರಿಹೋದ ತಮ್ಮ ಗಂಡನಿಗೊಂದು ನಮಾನ್ ಮರಿಯೆ ಜಪ, ಅಪ್ಪನಿಗೊಂದು, ಸಣ್ಣ ಪ್ರಾಯದಲ್ಲೇ ಹೋದ ತಂಗಿಗೊಂದು, ರಬ್ಬರ್ ಟ್ಯಾಪಿಂಗಿಗೆ ಬರುತ್ತಿದ್ದ ತೋಮನಿಗೊಂದು. "ಅವನಿಗೆ ಹೇಳ್ಲಿಕ್ಕೆ ಯಾರುಂಟು?" ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ, "ಹೆಸರಿಲ್ಲದ್ದಕ್ಕೆ ಒಂದು." ಯಾವುದೋ ಅನಾಥ ಆತ್ಮ ಇರಬೇಕು ಎಂದುಕೊಂಡಿದ್ದೆ. ಅಷ್ಟು ಹೊತ್ತಿಗೆ ನನ್ನ ಮಗಳು ನನಗೊರಗಿ ನಿದ್ದೆ ಹೋಗಿ, ಸೀರೆಗೆಲ್ಲ ಜೊಲ್ಲು.

ಒಂದು ದಿನ ನಾನೇ ಬಾಯಿಬಿಟ್ಟೆ. "ಮಾಂಯ್, ಮಕ್ಕಳಿಗೆ ಹೋಂವರ್ಕ್ ಉಂಟು. ಎಲ್ಲರಿಗೂ ಒಟ್ಟಿಗೆ ಒಂದು ಹೇಳಿ ಮುಗಿಸುವ. ಯಾರಿಗೆ ಅಂತ ದೇವರಿಗೆ ಗೊತ್ತಾಗುದಿಲ್ವಾ?"

ಹೋಂವರ್ಕ್ ಇದ್ದದ್ದು ನಿಜ. ಎಂಟು ಗಂಟೆಗೆ ನನ್ನ ಧಾರಾವಾಹಿ ಇದ್ದದ್ದು ಇನ್ನೂ ನಿಜ. ಮಾಂಯ್ ನನ್ನ ಮುಖ ನೋಡಿ, "ಆಯ್ತು" ಎಂದರು, ಅಷ್ಟೇ. ಅಂದಿನಿಂದ ನಾವೆಲ್ಲ ಎದ್ದ ಮೇಲೂ ಅವರು ಚಾಪೆಯಲ್ಲೇ ಕೂತಿರುತ್ತಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. "ಮಾಂಯ್‌ದು ಓವರ್‌ಟೈಮ್" ಎಂದು ನಾನು ಗಂಡನೊಟ್ಟಿಗೆ ನಗಾಡಿದ್ದುಂಟು. ಮಗಳಿಗಂತೂ ಖುಷಿಯೋ ಖುಷಿ. ಇಡೀ ತೇರ್ಸಿನಲ್ಲಿ ಅವಳು ಗಟ್ಟಿಯಾಗಿ ಹೇಳುತ್ತಿದ್ದದ್ದು ಅದೊಂದೇ: "ಎಲ್ಲರಿಗೂ ಒಟ್ಟಿಗೆ ಒಂದು!"

ಕೆಲವು ವರ್ಷ ಕಳೆದು ಮಾಂಯ್ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದು, "ನಾನು ಹೋದ ಮೇಲೆ ಹೆಸರಿಲ್ಲದ್ದಕ್ಕೆ ಒಂದು ಹೇಳ್ತೀಯಾ?" ಎಂದು ಕೇಳಿದರು.

"ಅದು ಯಾರು ಮಾಂಯ್?"

ಅವರ ಮೂರನೆಯ ಮಗು, ಹೆಣ್ಣು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದೊಳಗೆ ಹೋಯಿತಂತೆ. ಜ್ಞಾನಸ್ನಾನ ಆಗಿರಲಿಲ್ಲ, ಹಾಗಾಗಿ ಹೆಸರಿಲ್ಲ. ಆ ಕಾಲದಲ್ಲಿ ಅಂಥ ಮಕ್ಕಳಿಗೆ ಸಿಮಿತ್ರಿಯ, ಅಂದರೆ ಇಗರ್ಜಿಯ ಸ್ಮಶಾನದ, ಒಳಗೆ ಜಾಗವೂ ಇರಲಿಲ್ಲ. ಗೋಡೆಯ ಹೊರಗೆ ಮಣ್ಣು ಮಾಡಿದ್ದರು, ಶಿಲುಬೆ ನೆಡದೆ.

"ಒಟ್ಟಿಗೆ ಹೇಳಿದ್ರೆ ತನ್ನನ್ನೂ ಕರೆದದ್ದು ಅಂತ ಅದಕ್ಕೆ ಹೇಗೆ ಗೊತ್ತಾಗುದು? ಪಾಪ, ಹೆಸರೂ ಇಲ್ಲ" ಎಂದರು ಮಾಂಯ್.

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಅವರು ತೀರಿಕೊಂಡ ಮೇಲೆ ತಿಂಗಳ ಪೂಜೆಯವರೆಗೆ ಹೇಳಿದೆ ಕೂಡ. ಆಮೇಲೆ ತಪ್ಪಿತು. ಮಗಳಿಗೆ ಹೇಳಿಕೊಡಲೇ ಇಲ್ಲ. ಹೇಳಿಕೊಡಬೇಕಾದರೆ ಅದನ್ನು ನಿಲ್ಲಿಸಿದವಳು ನಾನೇ ಎಂದೂ ಹೇಳಬೇಕಲ್ಲ. ನನಗೆ ನಾಚಿಕೆಯಾಯಿತು. ಇಂದಿಗೂ ಆಗುತ್ತದೆ.

ಅದಕ್ಕೇ ಮೊನ್ನೆ ಸಂಜೆ, ನೆಂಟರು ಹೋದ ಮೇಲೆ, ಮೊಮ್ಮಗಳನ್ನು ಕೂರಿಸಿಕೊಂಡು ತೇರ್ಸ್ ಹಿಡಿದೆ. ಮನೆಯಲ್ಲಿ ಬೇರೆ ಬತ್ತಿ ಇರಲಿಲ್ಲ. ಕೇಕಿನ ಮೇಲಿದ್ದ ಏಳರ ಆಕಾರದ ಬತ್ತಿಯನ್ನೇ ಮಾತೆಯ ಪಟದ ಮುಂದೆ ಹಚ್ಚಿದೆವು. ಕೊನೆಗೆ ನಾನು, "ಮಾಂಯ್‌ಗೆ ಒಂದು" ಎಂದೆ, ಹೇಳಿದೆವು. "ಹೆಸರಿಲ್ಲದ್ದಕ್ಕೆ ಒಂದು" ಎಂದೆ.

"ಹೆಸರಿಲ್ಲದೆ ಯಾರಾದ್ರೂ ಇರ್ತಾರಾ ಅಜ್ಜಿ?"

ನಾನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಮಗಳು ಕೂಗಿದಳು: "ಮಮ್ಮಿ, ಅವಳಿಗೆ ಹೋಂವರ್ಕ್ ಉಂಟು. ಎಲ್ಲರಿಗೂ ಒಟ್ಟಿಗೆ ಒಂದು ಹೇಳಿ ಮುಗಿಸು!"

ಸ್ವರವೂ ನನ್ನದೇ. ಎಷ್ಟು ಪ್ರಾರ್ಥನೆ ಕಲಿಸಿದ್ದೆ ಅವಳಿಗೆ, ಉಳಿದದ್ದು ಇದೊಂದು.

ಮಗು ಗಟ್ಟಿಯಾಗಿ ಎಲ್ಲರಿಗೂ ಒಂದು ಹೇಳಿ, ಬತ್ತಿ ಊದಿ ಓಡಿತು. ನಾನು ಏಳಲಿಲ್ಲ. "ಮಮ್ಮಿದು ಇನ್ನೂ ಮುಗೀಲಿಲ್ಲ" ಎಂದು ಮಗಳು ಗಂಡನೊಟ್ಟಿಗೆ ನಗಾಡುವುದು ಕೇಳಿಸಿತು. ಹೊಗೆಯ ಮುಂದೆ ಕೂತು, ತುಟಿಯಲ್ಲೇ, ಹೆಸರಿಲ್ಲದ್ದಕ್ಕೆ ಒಂದು ಹೇಳಿದೆ. ನಾನು ಹೋದ ಮೇಲೆ ಹೇಳು ಎಂದು ಯಾರ ಕೈ ಹಿಡಿಯಲಿ, ಗೊತ್ತಾಗಲಿಲ್ಲ.