ಶಾರದತ್ತೆ ಕೊಟ್ಟ ನೀರು

ನಾವು ಚಿಕ್ಕವರಿದ್ದಾಗ ಕಾಫಿ ಹೂವನ್ನು ಅರಳಿಸುವ ಹೂಮಳೆಗೆ ಕಾಯುವುದೂ ಒಂದು ಕೆಲಸವೇ ಆಗಿತ್ತು. ಹಣ್ಣು ಕೊಯ್ದು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿದ ಮೇಲೆ ದೊಡ್ಡವರೆಲ್ಲ ಆಕಾಶ ನೋಡುತ್ತ ಕೂರುತ್ತಿದ್ದರು. ಮಕ್ಕಳಿಗೆ ಮಾತ್ರ ಅದು ಪೆಟ್ಲಿನ ಕಾಲ. ಬಿದಿರಿನ ಕೊಳವೆಗೆ ಕಾಡುಕಾಯಿ ತುರುಕಿ ಹಿಂದಿನಿಂದ ಕಡ್ಡಿಯಲ್ಲಿ ದೂಡಿದರೆ ಟಪ್ಪೆಂದು ಹಾರುವ ಆಟದ ಕೋವಿ ಅದು. ಕಳಸದ ಸುತ್ತಮುತ್ತಲ ಊರುಗಳಲ್ಲಿ ಬೆಳೆದ ನನ್ನ ವಯಸ್ಸಿನವರ ಬೆನ್ನಿಗೆಲ್ಲ ಅದರ ಏಟು ನೆನಪಿರಬೇಕು.

ನನಗೆ ಪೆಟ್ಲು ಮಾಡಿಕೊಡುತ್ತಿದ್ದವನು ಸೀನ ಚಿಕ್ಕಪ್ಪ. ನನಗೊಂದು, ಪಕ್ಕದ ತೋಟದ ಸುಮಳಿಗೊಂದು. ಎರಡನ್ನೂ ತನ್ನ ಕತ್ತಿಯಲ್ಲಿ ಒಂದೇ ಬಿದಿರಿನಿಂದ ಕಡಿದು, "ಯಾರಿಗೂ ಜಾಸ್ತಿ ಇಲ್ಲ, ಕಡಿಮೆ ಇಲ್ಲ. ಕಣ್ಣಿಗೆ ಮಾತ್ರ ಹೊಡ್ಕೋಬೇಡಿ ಮಾರಾಯ್ತೀರಾ" ಎನ್ನುತ್ತಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದೇ ಕತ್ತಿಯಿಂದ ಬೇಲಿ ಜಗಳದಲ್ಲಿ ಸುಮಳ ಅಪ್ಪನನ್ನೂ, ಬಿಡಿಸಲು ಬಂದ ಅವಳ ದೊಡ್ಡಪ್ಪನನ್ನೂ ಕಡಿದು ಕೊಂದ. ಬೇಲಿ ಎರಡು ಮಾರು ಈಚೆ ಬಂದಿದೆ ಎನ್ನುವುದು ಜಗಳ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಎರಡು ಮನೆಗಳ ನಡುವೆ ನೀರು ಬಳಕೆ ನಿಂತಿತು. ಮನಸ್ಸು ಮುರಿದ ಮನೆಯ ನೀರನ್ನು ನಮ್ಮಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಶಾಲೆಯಲ್ಲಿ ಸುಮ ನನ್ನ ಪಕ್ಕದಿಂದ ಎದ್ದು ಬೇರೆ ಬೆಂಚಿಗೆ ಹೋದಳು. ನನಗೆ ಅವಳ ಮೇಲೂ ಸಿಟ್ಟು, ಚಿಕ್ಕಪ್ಪನ ಮೇಲೂ ಸಿಟ್ಟು. ಅದಕ್ಕಿಂತ ಹೆಚ್ಚಾಗಿ ಅವನು ಬೇಕಿತ್ತು. ಹಾಗೆನ್ನಲು ಮನೆಯಲ್ಲಿ ಹೆದರಿಕೆ.

ನಾನು ಆರನೇ ಕ್ಲಾಸಿಗೆ ಬರುವ ಹೊತ್ತಿಗೆ ಕೋರ್ಟುಗಳೆಲ್ಲ ಮುಗಿದು ಗಲ್ಲುಶಿಕ್ಷೆ ಖಾಯಂ ಆಯಿತು. ಇನ್ನು ಉಳಿದದ್ದು ರಾಷ್ಟ್ರಪತಿಗಳಿಗೆ ಕ್ಷಮೆಯ ಅರ್ಜಿಯೊಂದೇ. ಸತ್ತವರ ಮನೆಯವರೂ ಗಲ್ಲು ಬೇಡವೆಂದು ಬರೆದುಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ ಎಂದು ಚಿಕ್ಕಮಗಳೂರಿನ ವಕೀಲರು ಹೇಳಿದ್ದರು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಅಪ್ಪ ಕುಸಿದು ಕೂತರು. ಅಜ್ಜಿ ಮಾತ್ರ ಹೊಸ ಸೀರೆ ತೆಗೆದುಟ್ಟಳು.

"ಅವ್ನು ಮಾಡಿದ್ದು ಸರಿ ಅನ್ನಕ್ಕೆ ಹೋಗ್ತಿಲ್ಲ ನಾನು. ಸಾಯೋವರ್ಗೂ ಜೈಲಲ್ಲೇ ಇರ್ಲಿ. ಎರಡು ಎಡೆ ಇಟ್ಟಿದ್ದು ಸಾಲ್ದಾ, ಮೂರನೇದೂ ಇಡ್ಬೇಕಾ?" ಎಂದಳು. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಬಡಿಸಿಡುವ ಊಟವೇ ಎಡೆ.

ಮಗು ಜೊತೆಗಿದ್ದರೆ ಸುಮಳ ಅಮ್ಮ ಬಾಗಿಲು ಹಾಕುವುದಿಲ್ಲವೆಂದು ನನ್ನನ್ನೂ ಕರೆದುಕೊಂಡಳು. ಅಪ್ಪ ಬರೆದ ಹಾಳೆ ಅವಳ ಸೊಂಟದಲ್ಲಿತ್ತು. ದಾರಿಯಲ್ಲಿ ಒಂದೇ ಮಾತನ್ನು ಎರಡೆರಡು ಸಲ ಹೇಳಿದಳು. "ಶಾರದೆ ನೀರು ಕೊಡ್ತಾಳೆ. ಮುಟ್ಬೇಡ. ಅವ್ಳು ರುಜು ಹಾಕಿದ್ಮೇಲೆ ಇಬ್ರೂ ಕುಡಿಯಣ." ಮನೆಗೆ ಬಂದವರು ತಮಗೆ ಕೊಟ್ಟ ನೀರನ್ನು ಮುಂದಿಟ್ಟುಕೊಂಡು ಮುಟ್ಟದೆ ಕೂತರೆ ನಮ್ಮ ಕಡೆಯ ಯಾವ ಹೆಂಗಸೂ ಹೆಚ್ಚು ಹೊತ್ತು ತಡೆದುಕೊಳ್ಳಲಾರಳು. ಅಜ್ಜಿಯ ಕೈಯಲ್ಲಿದ್ದದ್ದು ಅದೊಂದೇ.

ಬೆಳಿಗ್ಗೆ ನಾನು ಅಕ್ಕಿ ರೊಟ್ಟಿಯನ್ನು ಸೂಜಿಮೆಣಸಿನ ಚಟ್ನಿಗೆ ಅದ್ದಿ ಅದ್ದಿ ತಿಂದಿದ್ದೆ. ಬಿಸಿಲು ಸುಡುತ್ತಿತ್ತು. ದಾರಿಯುದ್ದಕ್ಕೂ ಒಣಗಿದ ತರಗೆಲೆ, ಕಾಫಿ ಸಿಪ್ಪೆಯ ರಾಶಿಯ ಹುಳಿ ವಾಸನೆ. ಅವರ ಅಂಗಳ ತಲುಪುವಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಸುಮಳ ಅಮ್ಮ ಶಾರದತ್ತೆ ಚಾಪೆಯ ಮೇಲೆ ಕಾಳುಮೆಣಸು ಹರಡುತ್ತಿದ್ದರು. ನಮ್ಮನ್ನು ನೋಡಿ ಕೈಯಲ್ಲಿದ್ದ ಕಾಳನ್ನು ಚಾಪೆಗೆ ಸುರಿದರು. "ಕೂತ್ಕೊಳ್ಳಿ ದೊಡ್ಡಮ್ಮ" ಎಂದರು. "ಸುಮಾ, ನೀರು ತಾ."

ಸುಮ ಎರಡು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಅಜ್ಜಿ ಹಾಳೆಯನ್ನು ಪಕ್ಕದಲ್ಲಿಟ್ಟಳು.

"ಮೊದ್ಲು ನೀರು ಕುಡೀರಿ" ಎಂದರು ಶಾರದತ್ತೆ.

"ಓದು ಮಗಾ. ಓದಿ ರುಜು ಹಾಕು, ಕುಡೀತೀನಿ."

ಶಾರದತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಓದಿದರು. ಮತ್ತೆ ಮೊದಲಿನಿಂದ ಓದಿದರು. ಅಜ್ಜಿ ಕದಲಲಿಲ್ಲ. ಬೆಲ್ಲದ ಮೇಲೆ ಇರುವೆ ಹತ್ತಿತು. "ಕುಡೀರಿ ದೊಡ್ಡಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದರು ಶಾರದತ್ತೆ. ಅಜ್ಜಿ ರವಿಕೆಯೊಳಗಿಂದ ಪೆನ್ನು ತೆಗೆದು ಅವರ ಮುಂದಿಟ್ಟಳು. ಅವರ ಕೈ ಪೆನ್ನಿನ ಮೇಲೆ ಹೋದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಕಂಬದ ಹಿಂದೆ ಕೂತಿದ್ದ ಸುಮ ಒಂದು ಚೊಂಬನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು. ಮೂರು ವರ್ಷದಲ್ಲಿ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು. ಬಾಯಾರಿ ಕುಡಿದೆನೋ, ಅವಳು ತಳ್ಳಿದಳೆಂದು ಕುಡಿದೆನೋ ತಿಳಿಯದು. ಗಟಗಟ ಕುಡಿದು ಚೊಂಬು ಖಾಲಿ ಮಾಡಿದೆ.

ಶಾರದತ್ತೆ ಉಸಿರು ಬಿಟ್ಟರು. ಪೆನ್ನನ್ನು ಹಾಳೆಯ ಮೇಲಿಟ್ಟು ಎರಡನ್ನೂ ಅಜ್ಜಿಯ ಕಡೆ ಸರಿಸಿದರು.

"ಮಗು ಕುಡೀತಲ್ಲ, ಅಷ್ಟು ಸಾಕು ದೊಡ್ಡಮ್ಮ. ಗಲ್ಲು ಹಾಕಿ ಅಂತ ನಾನು ಯಾರನ್ನೂ ಕೇಳ್ಲಿಲ್ಲ. ಬೇಡ ಅಂತ ಬರ್ಯಕ್ಕೂ ನನ್ನ ಕೈಯಲ್ಲಾಗಲ್ಲ."

ವಾಪಸು ಬರುವಾಗ ಅಜ್ಜಿ ಬೈಯಲಿಲ್ಲ. ನೀರು ಹರಿಯುವ ತೋಡು ದಾಟಿದ ಮೇಲೆ, "ತುಂಬಾ ಬಾಯಾರಿತ್ತಾ?" ಎಂದು ಕೇಳಿದಳು. ಹೂಂ ಎಂದೆ. ಅದರ ಬದಲು ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ನಮ್ಮ ಮನೆಯವರ ರುಜುವಷ್ಟೇ ಹಾಕಿ ಅರ್ಜಿ ಕಳಿಸಿದೆವು. ಉತ್ತರ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಜೈಲಿನಿಂದ ಚಿಕ್ಕಪ್ಪ ಬರೆದ ಕಾಗದಗಳಲ್ಲಿ ಕೊನೆಯ ಸಾಲು ಯಾವಾಗಲೂ ಒಂದೇ: ಹೂಮಳೆ ಆಯಿತಾ? ಅವನಿಗೆ ಬೇರೆ ಏನು ಕೇಳಲು ಗೊತ್ತಾಗುತ್ತಿತ್ತು? ನಾನು ಪಿಯುಸಿ ಓದುವಾಗ ಅಜ್ಜಿ ತೀರಿಕೊಂಡಳು. ಅದಾಗಿ ಎರಡು ವರ್ಷಕ್ಕೆ ಚಿಕ್ಕಪ್ಪ ಎದೆಯ ಕಾಯಿಲೆ ಬಂದು ಜೈಲಿನಲ್ಲೇ ಸತ್ತ. ಗಲ್ಲೂ ಆಗಲಿಲ್ಲ, ಕ್ಷಮೆಯೂ ಸಿಗಲಿಲ್ಲ. ಕೊಂದವನನ್ನು ಕೂಡಿಹಾಕಬೇಕು, ಒಪ್ಪುತ್ತೇನೆ. ಆದರೆ ಕೊಲ್ಲುತ್ತೇವೆಂದು ಹೇಳಿ ಒಬ್ಬ ಮನುಷ್ಯನನ್ನು ಅಷ್ಟು ವರ್ಷ ಪ್ರತಿ ಬೆಳಿಗ್ಗೆ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕೂರಿಸುವುದು ನ್ಯಾಯವೆಂದು ನನ್ನನ್ನು ಯಾರೂ ಒಪ್ಪಿಸಲಾರರು.

ತಿಥಿ ಮುಗಿದ ಮಾರನೇ ದಿನ ಶಾರದತ್ತೆ ಒಬ್ಬರೇ ನಮ್ಮ ಮನೆಗೆ ಬಂದರು. ನಾನು ಬೆಲ್ಲ, ನೀರು ತಂದಿಟ್ಟೆ. ಚೊಂಬಿನ ಮೇಲೆ ಕೈಯಿಟ್ಟರು, ಎತ್ತಲಿಲ್ಲ.

"ಒಂದು ಮಾತು ಕೇಳ್ತೀನಿ. ಹೇಳಿದ್ಮೇಲೆ ಕುಡೀತೀನಿ. ಅವತ್ತು ನಾನು ರುಜು ಹಾಕಿದ್ರೆ ಅವ್ನು ಉಳೀತಿದ್ನಾ?"

"ಇಲ್ಲ ಶಾರದತ್ತೆ" ಎಂದೆ. ಅವರು ನೀರು ಕುಡಿದರು.

ನಾನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಈಗ ಎರಡೂ ತೋಟಗಳನ್ನು ಒಬ್ಬರೇ ಕೊಂಡಿದ್ದಾರೆ. ಬೇಲಿ ಕಿತ್ತು ಉದ್ದಕ್ಕೂ ಕಾಫಿ ನೆಟ್ಟಿದ್ದಾರೆ. ಹೋದ ವರ್ಷ ಹೂವಿನ ಸಮಯದಲ್ಲಿ ಹೋಗಿದ್ದೆ. ಗುಡ್ಡವೆಲ್ಲ ಬೆಳ್ಳಗೆ ಘಮಘಮ ಎನ್ನುತ್ತಿತ್ತು. ಬೇಲಿ ಎಲ್ಲಿತ್ತೆಂದು ಎಷ್ಟು ಓಡಾಡಿದರೂ ಸಿಗಲಿಲ್ಲ.

ಶಾರದತ್ತೆ ನಮ್ಮ ಮನೆಗೆ ಬಂದ ದಿನ ಅವರನ್ನು ನಾನೂ ಒಂದು ಮಾತು ಕೇಳಬೇಕಿತ್ತು. ನಾನು ನೀರು ಕುಡಿಯದಿದ್ದರೆ ನೀವು ರುಜು ಹಾಕುತ್ತಿದ್ದಿರಾ ಎಂದು. ಧೈರ್ಯ ಬರಲಿಲ್ಲ. ಸುಳ್ಳಾದರೂ ಸರಿ, ಇಲ್ಲ ಮಗಾ ಎಂದು ನನಗೆ ಹೇಳಬಹುದಾಗಿದ್ದವರು ಅಜ್ಜಿ ಮತ್ತು ಅವರು, ಇಬ್ಬರೇ. ಇಬ್ಬರೂ ಹೋಗಿಬಿಟ್ಟರು.