ಬಕ್ ಫೋರ್ಕ್ ರಸ್ತೆಯಲ್ಲಿ ಕುರ್ಚಿ ಹಾಕಿ ಕೂತ ಆರ್ಲೆಟ್ಟಾ

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವದ ಗುಡ್ಡಗಳ ಸಂದಿಯಲ್ಲಿರುವ ಬಕ್ ಫೋರ್ಕ್ ಕೊಳ್ಳದಲ್ಲಿ ಒಂದು ಮನೆಯ ಸದ್ದು ಪಕ್ಕದ ಮನೆಗೆ ಕೇಳದೇ ಇರುವುದು ಸಾಧ್ಯವೇ ಇರಲಿಲ್ಲ. ನಡುವೆ ತೊರೆ, ತೊರೆಯ ಪಕ್ಕ ರಸ್ತೆ, ರಸ್ತೆಗೆ ಆತುಕೊಂಡು ಕಲ್ಲಿದ್ದಲ ಕಂಪನಿಯವರು ಎಂದೋ ಕಟ್ಟಿಸಿದ ಹಲಗೆ ಮನೆಗಳು. ಯಾರ ಮನೆಯಲ್ಲಿ ಬಾಣಲೆ ಬಿತ್ತು, ಯಾರ ಕೂಸು ಕೆಮ್ಮಿತು ಎಲ್ಲ ಗೊತ್ತಾಗುತ್ತಿತ್ತು. ಹೋಬರ್ಟ್ ಮಲಿನ್ಸ್ ಹೆಂಡತಿ ಮಕ್ಕಳನ್ನು ಬಡಿಯುವುದೂ ಹಾಗೆಯೇ ಎಲ್ಲರಿಗೂ ಗೊತ್ತಿತ್ತು.

ಹೋಬರ್ಟ್ ಮೊದಲಿನಿಂದ ಕೆಟ್ಟವನಾಗಿರಲಿಲ್ಲ ಎಂದು ಕೊಳ್ಳದವರು ಹೇಳುತ್ತಿದ್ದರು. ಗಣಿಯ ಸೂರು ಕುಸಿದು ಬೆನ್ನಿನ ಮೂಳೆ ಜರುಗಿದ ಮೇಲೆ ಅವನಿಗೆ ನೋವು, ನೋವಿಗೆ ಮಾತ್ರೆ, ಮಾತ್ರೆಯ ಮೇಲೆ ಕುಡಿತ. ಹಾಗೆ ಹೇಳಿದರೆ ಹೇಳಿದವರಿಗೆ ಸಮಾಧಾನ. ಆರ್ಲೆಟ್ಟಾ ಅವನ ಹಿರಿಯ ಮಗಳು. ಅಪ್ಪ ಒಳ್ಳೆಯವನಾಗಿದ್ದ ಕಾಲ ಅವಳ ನೆನಪಿನಲ್ಲೇ ಇರಲಿಲ್ಲ. ಅವಳಿಗೆ ನೆನಪಿದ್ದದ್ದು ಅವನ ಬೂಟಿನ ಸಪ್ಪಳ. ಮೆಟ್ಟಿಲು ಹತ್ತುವ ಸಪ್ಪಳದಲ್ಲೇ ಇವತ್ತು ಹೇಗೆ ಎಂದು ತಿಳಿದು, ತಮ್ಮ ಡೆಲ್ಮರನನ್ನು ಮಂಚದ ಕೆಳಗೆ ತಳ್ಳುವುದು ಅವಳ ಕೆಲಸವಾಗಿತ್ತು.

ಅವಳಿಗೆ ಒಂಬತ್ತು ವರ್ಷ, ಡೆಲ್ಮರನಿಗೆ ಐದು. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಡೆಲ್ಮರ್ ಹಾಲಿನ ಲೋಟ ಉರುಳಿಸಿದ. ಅಪ್ಪ ಬೈಯಲಿಲ್ಲ, ಕೂಗಲಿಲ್ಲ. ಹುಡುಗನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ಅಂಗೈಯನ್ನು ಕೆಂಡದಂತಿದ್ದ ಒಲೆಯ ಮೇಲೆ ಒತ್ತಿದ. ಅಮ್ಮ ಓಪಲ್ ಬಾಗಿಲ ಬಳಿ ನಿಂತಿದ್ದಳು.

ಆರ್ಲೆಟ್ಟಾ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡು ಬರಿಗಾಲಲ್ಲಿ ರಸ್ತೆಗೆ ಓಡಿದಳು. ಪಕ್ಕದ್ದು ಜೆಲ್ಲಾ ಹಾಲ್ ಎಂಬವಳ ಮನೆ. ಬಾಗಿಲು ಬಡಿದಳು. ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿಕೊಂಡಿತು. ಒಳಗೆ ರೇಡಿಯೊದ ದನಿ ಏರಿತು. ಮುಂದಿನ ಮನೆಯಲ್ಲೂ ಯಾರೂ ಬಾಗಿಲು ತೆಗೆಯಲಿಲ್ಲ. ಚರ್ಚಿನಿಂದ ಮೂರು ನಾಲ್ಕು ಗಂಡಸರು ಕೋಟು ಹಾಕಿಕೊಂಡು ಎದುರಿಗೆ ಬರುತ್ತಿದ್ದರು. ಅವರಲ್ಲಿ ಹರೆಯದ ಎನಿಸ್ ಸ್ಲೋನ್ ಕೂಡ ಇದ್ದ. ಅವರೆಲ್ಲ ಅರಚುತ್ತಿದ್ದ ಹುಡುಗನನ್ನು ನೋಡಿದರು, ನೆಲ ನೋಡಿದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ದಾರಿ ಬಿಟ್ಟದ್ದೇ ಉಪಕಾರ ಎನ್ನುವಂತೆ ಒಬ್ಬ ಟೋಪಿಯನ್ನೂ ಮುಟ್ಟಿಕೊಂಡ. ಕೊನೆಗೆ ದೊಡ್ಡ ರಸ್ತೆಯಲ್ಲಿ, ಯಾವ ಊರಿನವನೋ ಗೊತ್ತಿಲ್ಲದ ಲಾರಿ ಡ್ರೈವರೊಬ್ಬ ನಿಲ್ಲಿಸಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ.

‘ಒಲೆ ಮೇಲೆ ಬಿದ್ದ’ ಎಂದು ಅಮ್ಮ ಹೇಳಿದಳು. ‘ಒಲೆ ಮೇಲೆ ಬಿದ್ದ’ ಎಂದು ಶಾಲೆಯಲ್ಲಿ ಆರ್ಲೆಟ್ಟಾ ಹೇಳಿದಳು. ಕೇಳಿದವರು ಎರಡನೇ ಸಲ ಕೇಳಲಿಲ್ಲ. ಡೆಲ್ಮರನ ಬೆರಳುಗಳು ಒಳಕ್ಕೆ ಮುದುಡಿಕೊಂಡೇ ಬೆಳೆದವು.

ಹೋಬರ್ಟ್ ಶ್ವಾಸಕೋಶದಲ್ಲಿ ಕಲ್ಲಿದ್ದಲ ಧೂಳು ತುಂಬಿ ಸತ್ತಾಗ ಆರ್ಲೆಟ್ಟಾಳಿಗೆ ಇಪ್ಪತ್ತು ತುಂಬಿರಲಿಲ್ಲ. ಆಮೇಲೆ ಅವಳು ಶಾಲೆಯ ಅಡುಗೆ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡಳು. ತಾಯಿ ಮಗಳು ಅಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡರೂ ಆ ಭಾನುವಾರದ ಮಾತು ಬರಲಿಲ್ಲ. ಆರ್ಲೆಟ್ಟಾ ಮದುವೆಯಾಗಲಿಲ್ಲ. ಕೇಳಿದವರಿಗೆ ‘ಒಳ್ಳೆ ಗಂಡು ಸಿಗ್ಲಿಲ್ಲ’ ಎಂದು ನಗುತ್ತಿದ್ದಳು. ತನ್ನ ಕೈಯೂ ಒಂದು ದಿನ ಮಗುವಿನ ಮೇಲೆ ಏಳಬಹುದು ಎಂಬ ಹೆದರಿಕೆಯನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಆ ಹೆದರಿಕೆ ಸುಳ್ಳೇನೂ ಆಗಿರಲಿಲ್ಲ. ಒಮ್ಮೆ ಊಟದ ಸಾಲಿನಲ್ಲಿ ಒಬ್ಬ ಪುಟ್ಟ ಹುಡುಗಿ ತಟ್ಟೆ ಬೀಳಿಸಿದಾಗ ಆರ್ಲೆಟ್ಟಾ ಅವಳ ತೋಳು ಹಿಡಿದು ಜಗ್ಗಿದಳು. ಹುಡುಗಿ ಅಳಲಿಲ್ಲ, ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡಳು. ಆ ರೀತಿ ಮುಚ್ಚಿಕೊಳ್ಳುವುದನ್ನು ಮಕ್ಕಳು ಎಲ್ಲಿ ಕಲಿಯುತ್ತಾರೆ ಎಂಬುದು ಆರ್ಲೆಟ್ಟಾಳಿಗೆ ಗೊತ್ತಿತ್ತು. ಹಿತ್ತಿಲ ಬಾಗಿಲಿಂದ ಹೊರಗೆ ಹೋಗಿ ಕಸದ ಡಬ್ಬಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಊಟದ ಹೊತ್ತು ಮುಗಿಯುವವರೆಗೂ ಒಳಗೆ ಹೋಗಲಿಲ್ಲ.

ಪೇಟೆಯ ಆಸ್ಪತ್ರೆಗೆ ವಾರಕ್ಕೊಮ್ಮೆ ಮನಸ್ಸಿನ ಕಷ್ಟ ಕೇಳುವ ಹೆಂಗಸೊಬ್ಬಳು ಬರುತ್ತಿದ್ದಳು. ಆರ್ಲೆಟ್ಟಾ ಹೋದಳು. ಮೊದಮೊದಲು ಬರೀ ಮಳೆ, ಹಿಮ, ರಸ್ತೆಯ ಗುಂಡಿಗಳ ಮಾತಾಡಿ ಎದ್ದು ಬರುತ್ತಿದ್ದಳು. ಒಂದು ದಿನ ಹಾಲಿನ ಲೋಟ ಎಂದಳು. ಅಷ್ಟೇ ಹೇಳಲು ಸಾಧ್ಯವಾಯಿತು. ಮುಂದಿನ ವಾರ ಒಲೆ ಎಂದಳು.

ಡೆಲ್ಮರ್ ಯಾರ ಹತ್ತಿರವೂ ಹೋಗಲಿಲ್ಲ. ಆ ಮುದುಡಿದ ಕೈಯಿಂದಾಗಿ ಅವನಿಗೆ ಗಣಿಯಲ್ಲಿ ಕೆಲಸ ಸಿಗಲಿಲ್ಲ, ಗ್ಯಾರೇಜಿನಲ್ಲಿ ಸಿಕ್ಕಿದ್ದು ನಿಲ್ಲಲಿಲ್ಲ. ಕೊಳ್ಳದ ತುಂಬ ಅಮಲು ಹಿಡಿಸುವ ನೋವಿನ ಮಾತ್ರೆಗಳು ಹರಿದಾಡಿದ ವರ್ಷಗಳವು; ಅವನೂ ಅವುಗಳ ಚಟಕ್ಕೆ ಬಿದ್ದ. ಅಕ್ಕ ಬೈದಳು, ಬೇಡಿಕೊಂಡಳು, ಅವನ ಬಟ್ಟೆ ಒಗೆದಳು, ಎರಡು ಸಲ ಊರ ಹೊರಗಿನ ಚಿಕಿತ್ಸೆಗೆ ಸೇರಿಸಿದಳು.

‘ನೀನು ಅವತ್ತು ನನ್ನ ಎತ್ಕೊಂಡು ಓಡ್ಬಾರ್ದಿತ್ತು ಕಣೇ ಅಕ್ಕ’ ಎಂದು ಅವನೊಮ್ಮೆ ಹೇಳಿದ.

‘ಮತ್ತೇನ್ ಮಾಡ್ಬೇಕಿತ್ತೋ?’

‘ಓಡದಿದ್ರೆ ಯಾರಿಗೂ ಗೊತ್ತಿಲ್ಲ ಅಂತ ನಾನು ಅಂದ್ಕೋತಿದ್ದೆ. ಎಲ್ರಿಗೂ ಗೊತ್ತಿತ್ತು ಅನ್ನೋದನ್ನ ಕಣ್ಣಾರೆ ನೋಡ್ಬಿಟ್ಟೆ.’

ಮೂವತ್ತಾರನೇ ವಯಸ್ಸಿನಲ್ಲಿ ಡೆಲ್ಮರ್ ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿದ್ದ ಕಾರಿನಲ್ಲಿ ಮಾತ್ರೆ ಹೆಚ್ಚಾಗಿ ಸತ್ತ. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಜನ ಬೆಳಗಿನಿಂದ ಸಂಜೆಯವರೆಗೂ ಪಕ್ಕದಲ್ಲೇ ಓಡಾಡಿದ್ದರು.

ಮಣ್ಣಿಗೆ ಇಡೀ ಕೊಳ್ಳ ಬಂತು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಕಾಳಿನ ಸಾರು, ಮೆಕ್ಕೆಜೋಳದ ರೊಟ್ಟಿ, ಹಂದಿ ಮಾಂಸ, ಸೇಬಿನ ಕಡುಬು, ಎಲ್ಲ ಮನೆಯಿಂದಲೂ ಒಂದೊಂದು ಪಾತ್ರೆ. ಜೆಲ್ಲಾ ಆಗ ಎಂಬತ್ತರ ಹತ್ತಿರದ ಮುದುಕಿ. ಅವಳು ಆರ್ಲೆಟ್ಟಾಳ ಮುಂದೆ ತಟ್ಟೆ ಇಟ್ಟು, ‘ಒಂದು ತುತ್ತಾದ್ರೂ ತಿನ್ನಮ್ಮ. ಏನ್ ಬೇಕಾದ್ರೂ ಕೇಳು, ನಾವೆಲ್ಲ ಇದ್ದೀವಿ’ ಎಂದಳು.

ಆರ್ಲೆಟ್ಟಾ ತಟ್ಟೆಯನ್ನು ದೂರ ಸರಿಸಿದಳು. ಅವಳ ದನಿ ಏರಲಿಲ್ಲ. ‘ಇದ್ರಿ ಜೆಲ್ಲಜ್ಜಿ. ಅವತ್ತೂ ಎಲ್ಲಾ ಇದ್ರಿ. ನೀವು ರೇಡಿಯೊ ಜೋರು ಮಾಡಿದ್ರಿ.’

ಜೆಲ್ಲಾ ತಟ್ಟೆಯನ್ನು ಮತ್ತೆ ಅವಳ ಮುಂದೆ ತಳ್ಳಿದಳು.

‘ಬೇರೆಯವ್ರ ಮನೆ ವಿಷ್ಯ ಅಲ್ವೇನಮ್ಮ’ ಎಂದಳು ಜೆಲ್ಲಾ. ‘ನಿಮ್ಮಪ್ಪನ ಕೋಪ ಗೊತ್ತಲ್ಲ. ಬಾಗ್ಲು ತೆಗೆದಿದ್ರೆ ನಮ್ಮ ಯಜಮಾನ್ರಿಗೂ ಅವನಿಗೂ ಕೊಲೆ ಆಗ್ತಿತ್ತು.’

‘ಕೊಲೆ ಆಯ್ತಲ್ಲ’ ಎಂದಳು ಆರ್ಲೆಟ್ಟಾ. ‘ಮೂವತ್ತು ವರ್ಷ ಹಿಡೀತು, ಅಷ್ಟೆ.’

ಯಾರೋ ಕೆಮ್ಮಿದರು. ಮೂಲೆಯಲ್ಲಿದ್ದ ಎನಿಸ್ ಸ್ಲೋನ್, ಈಗ ಚರ್ಚಿನ ಹಿರಿಯ, ಟೋಪಿಯನ್ನು ತಿರುಗಿಸುತ್ತ ಎದ್ದು ಹೊರಗೆ ಹೋದ. ಮುಂದೆ ಹಲವು ತಿಂಗಳು ಆರ್ಲೆಟ್ಟಾಳನ್ನು ಕಂಡರೆ ಜನ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಸತ್ತವರ ಊಟದಲ್ಲಿ ಹಾಗೆ ಆಡಬಾರದಿತ್ತು ಎಂಬುದೇ ಊರಿನ ತೀರ್ಮಾನ.

ಮುಂದಿನ ಬೇಸಿಗೆಯಲ್ಲಿ ತೊರೆಯ ತಿರುವಿನ ಮನೆಗೆ ಟ್ರೇವಿಸ್ ಎಂಬ ಮರದ ಮಿಲ್ಲಿನ ಕೆಲಸಗಾರ ಬಾಡಿಗೆಗೆ ಬಂದ. ಹೆಂಡತಿ ಕ್ರಿಸ್ಟಲ್, ಆರು ವರ್ಷದ ಮಗಳು ಜೇಡಾ. ವಾರ ಕಳೆಯುವುದರೊಳಗೆ ಆ ಮನೆಯ ಸದ್ದು ಕೊಳ್ಳಕ್ಕೆ ಕೇಳತೊಡಗಿತು. ಆರ್ಲೆಟ್ಟಾ ಪೊಲೀಸರಿಗೆ ಫೋನು ಮಾಡಿದಳು. ಅವರು ಬಂದರು, ಕ್ರಿಸ್ಟಲ್ ಬಾಗಿಲಲ್ಲಿ ನಿಂತು ಏನೂ ಇಲ್ಲ ಎಂದಳು, ಹೋದರು. ಆ ರಾತ್ರಿಯ ಪೆಟ್ಟು ಇನ್ನೂ ಹೆಚ್ಚಾಯಿತು.

ಮರುದಿನ ಸಂಜೆ ಬಿಸಿಲಿರುವಾಗಲೇ ಮತ್ತೆ ಕೂಗಾಟ ಶುರುವಾಯಿತು. ಆರ್ಲೆಟ್ಟಾ ಅಡುಗೆ ಮನೆಯ ಕುರ್ಚಿಯೊಂದನ್ನು ಎತ್ತಿಕೊಂಡು ನಡೆದಳು. ಟ್ರೇವಿಸನ ಮನೆಯ ಎದುರು ರಸ್ತೆಯ ಅಂಚಿನಲ್ಲಿ ಹಾಕಿ ಬಾಗಿಲಿಗೆ ಮುಖ ಮಾಡಿ ಕೂತಳು. ಧೈರ್ಯದಿಂದ ಕೂತಳು ಎಂದು ಆಮೇಲೆ ಜನ ಹೇಳಿದರು. ನಿಂತರೆ ಬಿದ್ದುಹೋಗುತ್ತೇನೆ ಎಂಬ ಹೆದರಿಕೆಗೇ ಅವಳು ಕುರ್ಚಿ ತಂದಿದ್ದಳು.

ಟ್ರೇವಿಸ್ ಹೊರಬಂದ. ‘ಏನೇ ಮುದ್ಕಿ, ಸಿನಿಮಾ ನೋಡಕ್ ಬಂದ್ಯಾ?’

‘ಹೂಂ.’

‘ಎದ್ದು ಹೋಗು. ಇದು ನನ್ನ ಮನೆ.’

‘ಮನೆ ನಿಂದೇನಪ್ಪ. ರಸ್ತೆ ಸರ್ಕಾರದ್ದು.’

‘ಗಂಡ ಇಲ್ಲ, ಮಕ್ಕಳಿಲ್ಲ, ಮಾಡಕ್ ಕೆಲ್ಸ ಇಲ್ಲ ನಿಂಗೆ.’

‘ಅದಕ್ಕೇ ಬೇಕಾದಷ್ಟು ಹೊತ್ತಿದೆ’ ಎಂದಳು.

ಅವನು ಕೈಯಲ್ಲಿದ್ದ ಕಾಫಿ ಲೋಟವನ್ನು ಬೀಸಿ ಎಸೆದ. ಅದು ಅವಳ ಹುಬ್ಬಿಗೆ ಬಡಿದು ರಕ್ತ ಬಂತು. ಅವಳು ಏಳಲಿಲ್ಲ. ಅವನು ಒಳಗೆ ಹೋದ. ಆ ಸಂಜೆ ಮನೆಯೊಳಗೆ ಮತ್ತೆ ಸದ್ದು ಬರಲಿಲ್ಲ.

ಮಾರನೇ ದಿನವೂ ಹೋಗಿ ಕೂತಳು. ಹುಬ್ಬಿಗೆ ಹೊಲಿಗೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ನಡೆಗೋಲಿನ ಟಕಟಕ ಕೇಳಿಸಿತು. ಜೆಲ್ಲಾ ನಡೆಗೋಲು ಊರಿಕೊಂಡು ಬರುತ್ತಿದ್ದಳು. ಅವಳ ಹಿಂದೆ ಎನಿಸ್ ಎರಡು ಮಡಿಸುವ ಕುರ್ಚಿ ಕಂಕುಳಲ್ಲಿಟ್ಟುಕೊಂಡು ಬಂದ. ಎನಿಸ್ ಜೆಲ್ಲಾಳನ್ನು ಕೂರಿಸಿ, ತಾನೂ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಆರ್ಲೆಟ್ಟಾಳ ಕಡೆ ಚಾಚಿದ.

‘ಅವತ್ತು ನಾನು...’ ಎಂದ.

‘ಈಗ ಬೇಡ ಎನಿಸ್. ಬಾಗ್ಲು ನೋಡು’ ಎಂದಳು.

ಜೆಲ್ಲಾ ಗೊಣಗಿದಳು, ‘ನನ್ನ ಸೊಂಟಕ್ಕೆ ಈ ಕುರ್ಚಿ ಆಗಲ್ಲ. ನಾಳೆಗೆ ದಿಂಬು ತರ್ಬೇಕು.’

ಆ ಬೇಸಿಗೆ ಹಾಗೆ ನಡೆಯಿತು. ಕೆಲವು ಸಂಜೆ ಹತ್ತು ಜನ, ಕೆಲವು ಸಂಜೆ ಆರ್ಲೆಟ್ಟಾ ಒಬ್ಬಳೇ. ಹೆಂಗಸರು ಬೀನ್ಸ್ ನಾರು ತೆಗೆಯುತ್ತ ಕೂರುತ್ತಿದ್ದರು. ಇದೆಂಥ ನಾಟಕ ಎಂದು ನಕ್ಕವರೂ ಇದ್ದರು. ಒಂದು ಸಂಜೆ ಕ್ರಿಸ್ಟಲ್ ಬಾಗಿಲು ತೆರೆದು, ಮಗಳನ್ನು ಹೊರಗೆ ಕಳಿಸಿ ಮತ್ತೆ ಬಾಗಿಲು ಹಾಕಿಕೊಂಡಳು. ಜೇಡಾ ಬಂದು ಆರ್ಲೆಟ್ಟಾಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಯಾರೂ ಅವಳನ್ನು ಮುದ್ದು ಮಾಡಲು ಹೋಗಲಿಲ್ಲ. ಜೆಲ್ಲಾ ಒಂದು ಹಿಡಿ ಬೀನ್ಸ್ ಕೊಟ್ಟಳು, ಹುಡುಗಿ ನಾರು ತೆಗೆದಳು.

ಶಾಲೆ ಶುರುವಾದ ಮೇಲೆ ಎನಿಸ್ ಚರ್ಚಿನವರ ಜೊತೆ ಜಗಳವಾಡಿ ನೆಲಮಾಳಿಗೆಯ ಬೀಗ ತೆಗೆಸಿದ. ಸಂಜೆ ಮನೆಗೆ ಹೋಗಲು ಹೆದರುವ ಮಕ್ಕಳು ಅಲ್ಲಿ ಇರಬಹುದಾಯಿತು. ಆರ್ಲೆಟ್ಟಾ ಅಡುಗೆ ಮಾಡಿದಳು. ಪೇಟೆಯ ಆಸ್ಪತ್ರೆಯ ಆ ಹೆಂಗಸು ತಿಂಗಳಿಗೊಮ್ಮೆ ಬಂದು ತಾಯಂದಿರ ಜೊತೆ ಕೂರುತ್ತಿದ್ದಳು. ಮಾತ್ರೆ ಬಿಡಲು ಒದ್ದಾಡುತ್ತಿದ್ದ ಇಬ್ಬರು ಮೂವರು ಅಪ್ಪಂದಿರೂ ಬಂದರು. ಒಬ್ಬ ಉಳಿದ, ಮಿಕ್ಕವರು ಜಾರಿಹೋದರು.

ಚಳಿಗಾಲ ಬರುವ ಮುಂಚೆ ಟ್ರೇವಿಸ್ ಬಾಡಿಗೆ ಮನೆ ಬಿಟ್ಟು ಪಕ್ಕದ ಟೆನೆಸೀ ರಾಜ್ಯಕ್ಕೆ ಹೊರಟ. ಕ್ರಿಸ್ಟಲ್ ಮಗಳನ್ನು ಕರೆದುಕೊಂಡು ಅವನ ಜೊತೆಯೇ ಹೋದಳು.

‘ಹೋಗ್ಬೇಡ ಕಣಮ್ಮ, ನನ್ನ ಮನೇಲಿ ಜಾಗ ಇದೆ’ ಎಂದು ಆರ್ಲೆಟ್ಟಾ ಟ್ರಕ್ಕಿನ ಕಿಟಕಿ ಹಿಡಿದುಕೊಂಡಳು.

‘ನೀವೆಲ್ಲ ನೋಡ್ತಾ ಕೂತ್ರೆ ಅವರಿಗೆ ಅವಮಾನ ಆಗುತ್ತೆ’ ಎಂದಳು ಕ್ರಿಸ್ಟಲ್. ‘ಜನ ಇಲ್ಲದ ಕಡೆ ಹೋಗ್ತಿದ್ದೀವಿ.’

ಜನ ಇಲ್ಲದ ಕಡೆ. ಆ ಮಾತು ಆರ್ಲೆಟ್ಟಾಳನ್ನು ಚಳಿಗಾಲವಿಡೀ ಕೊರೆಯಿತು. ಕುರ್ಚಿ ಹಾಕಿ ಕೂತು ಅವರನ್ನು ಇನ್ನೂ ದೂರ ಓಡಿಸಿದೆನೇ ಎಂದು ಅವಳು ಆಸ್ಪತ್ರೆಯ ಹೆಂಗಸನ್ನು ಕೇಳಿದಳು. ಆ ಚಳಿಗಾಲದಲ್ಲೇ ಜೆಲ್ಲಾ ತೀರಿಕೊಂಡಳು.

ವಸಂತದ ಒಂದು ಬೆಳಿಗ್ಗೆ ಶಾಲೆಯ ಅಡುಗೆ ಮನೆಗೆ ಫೋನು ಬಂತು. ಕ್ರಿಸ್ಟಲ್. ‘ಜಾಗ ಇದೆ ಅಂದಿದ್ರಲ್ಲ. ಇನ್ನೂ ಇದೆಯಾ?’

ಎನಿಸನ ಹಳೆಯ ಟ್ರಕ್ಕಿನಲ್ಲಿ ಅವನೂ ಆರ್ಲೆಟ್ಟಾಳೂ ಹೊರಟು, ಕ್ರಿಸ್ಟಲ್ ಹೇಳಿದ್ದ ಟೆನೆಸೀಯ ಹೆದ್ದಾರಿಯ ಪಕ್ಕದ ಹೋಟೆಲು ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ಕ್ರಿಸ್ಟಲಳ ಒಂದು ಕಣ್ಣು ಮುಚ್ಚಿಹೋಗಿತ್ತು. ಬಟ್ಟೆಯ ಚೀಲವೊಂದನ್ನು ಎನಿಸನ ಕೈಗೆ ಕೊಟ್ಟು, ಮಗಳನ್ನು ಟ್ರಕ್ಕಿಗೆ ಹತ್ತಿಸಿದಳು. ತಾನು ಹತ್ತಲಿಲ್ಲ.

‘ನೀನೂ ಬಾಮ್ಮ’ ಎಂದಳು ಆರ್ಲೆಟ್ಟಾ.

‘ಆಮೇಲೆ ಬರ್ತೀನಿ.’

‘ಈಗಲೇ ಬಾ. ದಮ್ಮಯ್ಯ ಅಂತೀನಿ.’

ಕ್ರಿಸ್ಟಲ್ ಇಲ್ಲವೆಂದು ತಲೆಯಾಡಿಸಿದಳು. ಟ್ರಕ್ಕು ಹೊರಟಾಗ ಅವಳು ಕೈ ಬೀಸಲಿಲ್ಲ, ಬೆನ್ನು ತಿರುಗಿಸಿ ಹೋಟೆಲಿನೊಳಗೆ ನಡೆದಳು. ದಾರಿಯುದ್ದಕ್ಕೂ ಜೇಡಾ ಇಬ್ಬರ ನಡುವೆ ಮರದ ಕೊರಡಿನಂತೆ ಕೂತಿದ್ದಳು. ಎನಿಸ್ ಕನ್ನಡಕ ಒರೆಸಿಕೊಳ್ಳಲು ಎರಡು ಕಡೆ ಟ್ರಕ್ಕು ನಿಲ್ಲಿಸಿದ.

ನ್ಯಾಯಾಲಯದ ಓಡಾಟವೆಲ್ಲ ಮುಗಿದು ಹುಡುಗಿ ಆರ್ಲೆಟ್ಟಾಳ ಮನೆಯಲ್ಲೇ ಉಳಿಯುವುದು ಎಂದಾಯಿತು. ಅವಳು ಮಂಚದ ಮೇಲೆ ಮಲಗುತ್ತಿರಲಿಲ್ಲ; ಬಟ್ಟೆಯ ಕಪಾಟಿನೊಳಗೆ ಹೋಗಿ ಮುದುರಿಕೊಳ್ಳುತ್ತಿದ್ದಳು. ಆರ್ಲೆಟ್ಟಾ ಎಳೆಯಲಿಲ್ಲ. ಬೂಟುಗಳನ್ನು ತೆಗೆದಿಟ್ಟು ಕಪಾಟಿನಲ್ಲೇ ಹಾಸಿಗೆ ಹಾಸಿದಳು. ಹುಡುಗಿ ಕಚ್ಚಿದಳು, ತಟ್ಟೆ ಎಸೆದಳು. ಒಂದೊಂದು ದಿನ ಆರ್ಲೆಟ್ಟಾಳ ಕೈಯೂ ಬಿಗಿಯಾಗುತ್ತಿತ್ತು. ಆಗ ಎನಿಸನಿಗೋ ಪಕ್ಕದ ಮನೆಯವರಿಗೋ ಫೋನು ಮಾಡಿ, ‘ಯಾರಾದ್ರೂ ಬನ್ನಿ, ನನ್ನ ಕೈಲಾಗ್ತಿಲ್ಲ’ ಎನ್ನುತ್ತಿದ್ದಳು. ಯಾರಾದರೂ ಬರುತ್ತಿದ್ದರು. ಬಂದವರು ಹುಡುಗಿಯ ಜೊತೆ ಕೂರುತ್ತಿದ್ದರು, ಇವಳು ತೊರೆಯವರೆಗೆ ನಡೆದು ಉಸಿರಾಡಿಕೊಂಡು ಬರುತ್ತಿದ್ದಳು.

ಶರತ್ಕಾಲದ ಒಂದು ಶನಿವಾರ ಇಬ್ಬರೂ ಜಗಲಿಯಲ್ಲಿ ಸೇಬು ಹೆಚ್ಚುತ್ತಿದ್ದರು. ಜೇಡಾ ತಲೆ ಎತ್ತದೆ ಕೇಳಿದಳು, ‘ಅತ್ತೆ, ಅಮ್ಮ ಬರ್ತಾಳಾ?’

ಬರುತ್ತಾಳೆ ಎನ್ನುವುದು ಸುಲಭವಿತ್ತು. ಕ್ರಿಸ್ಟಲಳ ಫೋನು ನಿಂತು ತಿಂಗಳುಗಳಾಗಿದ್ದವು.

‘ಗೊತ್ತಿಲ್ಲ ಕಂದ’ ಎಂದಳು ಆರ್ಲೆಟ್ಟಾ. ‘ನಂಗೂ ಗೊತ್ತಿಲ್ಲ.’

ಹುಡುಗಿ ಚಾಕು ಕೆಳಗಿಟ್ಟಳು. ಆಮೇಲೆ ಅತ್ತಳು. ಮುಖ ಮುಚ್ಚಿಕೊಳ್ಳದೆ, ದೊಡ್ಡ ದನಿ ತೆಗೆದು, ಕೊಳ್ಳಕ್ಕೆಲ್ಲ ಕೇಳುವಂತೆ ಅತ್ತಳು. ಕೆಳಗಿನ ಮನೆಯ ಬಾಗಿಲು ತೆರೆದುಕೊಂಡು ಒಬ್ಬ ಹೆಂಗಸು ಏಪ್ರನ್ನಿಗೆ ಕೈ ಒರೆಸುತ್ತ ರಸ್ತೆ ಹತ್ತಿ ಬರತೊಡಗಿದಳು.