ಮೂವತ್ತು ಡಿಗ್ರಿ ಐವತ್ತೆಂಟು ಮಿನಿಟು

ಪೆಟ್ಟಿಗೆಯ ತಳದಲ್ಲಿ ಗ್ರೀಸಿನ ವಾಸನೆಯ ತೆಳು ಪುಸ್ತಕವೊಂದು ಸಿಕ್ಕಿತು. ಒಳಗೆ ಬರೀ ಅಂಕಿಗಳು, ಕೋನ ಹುಡುಕುವ ಕೋಷ್ಟಕಗಳು. ಬಹರೈನಿನಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದ ಫಿಟ್ಟರಣ್ಣನದು.

ಎಂಬತ್ತನೇ ಇಸವಿಯ ಆಸುಪಾಸು... ನನ್ನ ಗಂಡ ಮಾಹೂಝ್‌ನ ಒಂದು ಮನೆಯಲ್ಲಿ ಅಡುಗೆಗಿದ್ದರು. ಫಿಟ್ಟರಣ್ಣ ಅಸ್ಕರ್ ಎಂಬ ಊರಿನ ಕಡೆಯ ವರ್ಕ್‌ಶಾಪಿನಲ್ಲಿ ಕಬ್ಬಿಣದ ಮೆಟ್ಟಿಲು ಮಾಡುತ್ತಿದ್ದರು. ಅವರ ಕಣ್ಣಿಗೆ ಮಂಜು ಕವಿಯುತ್ತಿತ್ತು. ತಿಳಿದರೆ ಊರಿಗೆ ಕಳಿಸುತ್ತಾರೆ ಎಂದು ಯಾರಿಗೂ ಹೇಳಿರಲಿಲ್ಲ. ದಪ್ಪ ಗೆರೆ ಕಾಣುತ್ತಿತ್ತು, ಸಣ್ಣ ಅಕ್ಷರ ಇಲ್ಲ. ಹಾಗಾಗಿ ಮರುದಿನ ಕಬ್ಬಿಣ ಕತ್ತರಿಸುವ ಕೋನವನ್ನು ಸಂಜೆಯೇ ನನ್ನಿಂದ ಓದಿಸಿಕೊಳ್ಳುತ್ತಿದ್ದರು.

ನಾನು ಓದಿದ್ದು ಮೂರನೇ ಕ್ಲಾಸು. ಅಂಕಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಅವರೇ ಕಲಿಸಿದರು. ಮೆಟ್ಟಿಲಿನ ಎತ್ತರವನ್ನು ಅದು ನೆಲದಲ್ಲಿ ಹಿಡಿಯುವ ಉದ್ದದಿಂದ ಭಾಗಿಸಬೇಕು. ಬಂದ ಅಂಕಿಯನ್ನು ಟ್ಯಾನ್ ಎಂಬ ತಲೆಬರಹದ ಪುಟದ ನಡುವೆ ಹುಡುಕಿ ಅಂಚಿಗೆ ಬಂದರೆ ಕೋನ, ಡಿಗ್ರಿ ಮತ್ತು ಅದರ ಅರವತ್ತನೇ ಪಾಲಾದ ಮಿನಿಟಿನಲ್ಲಿ.

"ಎಲ್ಲರೂ ಅಂಚಿಂದ ಒಳಗೆ ಹೋಗ್ತಾರೆ ತಂಗಿ, ನಾವು ಒಳಗಿಂದ ಅಂಚಿಗೆ ಬರುವುದು."

ಎತ್ತರ, ಉದ್ದ ಸಮ ಇದ್ದರೆ ನಲವತ್ತೈದು. ಎತ್ತರ ಎರಡು ಪಟ್ಟಾದರೆ ತೊಂಬತ್ತಾ ಎಂದು ಕೇಳಿದೆ. ನಕ್ಕರು.

"ಅರವತ್ಮೂರು ಚಿಲ್ಲರೆ ಮಾರಾಯ್ತಿ. ಎಷ್ಟು ಎತ್ತರಿಸಿದ್ರೂ ತೊಂಬತ್ತು ಮುಟ್ಲಿಕ್ಕಿಲ್ಲ."

ಪುಟದ ತಲೆಬರಹ ಓದಲು ಬಾರದ ನನಗೆ ಅವರ ಎಣ್ಣೆ ಬೆರಳಚ್ಚೇ ಗುರುತು. ಒಂದು ಸಂಜೆ ಐದು ಮೀಟರ್ ಉದ್ದಕ್ಕೆ ಮೂರು ಮೀಟರ್ ಎತ್ತರದ ಮೆಟ್ಟಿಲು. ಪಾಯಿಂಟ್ ಆರು. ಬೆರಳಚ್ಚಿನ ಪುಟದಲ್ಲಿ ಹುಡುಕಿ, ಮೂವತ್ತಾರು ಡಿಗ್ರಿ ಐವತ್ತೆರಡು ಮಿನಿಟು ಎಂದೆ.

"ಮೂವತ್ತೊಂದರ ಹತ್ರ ಬರ್ಬೇಕಲ್ಲ. ಇನ್ನೊಮ್ಮೆ ನೋಡು."

"ಇದ್ದದ್ದನ್ನೇ ಓದಿದ್ದು ನಾನು. ಕಣ್ಣು ಹೋದದ್ದು ನಿಮ್ಮದು, ನನ್ನದಲ್ಲ."

ಅವರು ನಾನು ಹೇಳಿದ್ದನ್ನೇ ಬರೆದುಕೊಂಡರು.

ಮರುದಿನ ಕತ್ತರಿಸಿದ ಕಬ್ಬಿಣ ಕೂರಲಿಲ್ಲ. ಫೋರ್‌ಮನ್ ಪುಸ್ತಕ ಮುಂದಿಟ್ಟು ಓದು ಎಂದನಂತೆ. ಓದಲಾಗಲಿಲ್ಲ. ನನ್ನ ಹೆಸರನ್ನು ಅವರು ಎತ್ತಲೇ ಇಲ್ಲ. ನಾನು ನೋಡಿದ್ದು ಟ್ಯಾನ್ ಪುಟವಲ್ಲ, ಇನ್ನೊಂದು ಲೆಕ್ಕದ ಸೈನ್ ಪುಟ ಎಂದು ಆ ಸಂಜೆ ಅವರಿಂದ ತಿಳಿಯಿತು. ಬೆರಳಚ್ಚು ಎರಡಕ್ಕೂ ಹತ್ತಿತ್ತು. ನಾನೇ ಬಂದು ಫೋರ್‌ಮನ್ ಹತ್ತಿರ ತಪ್ಪು ನನ್ನದೆಂದು ಹೇಳುತ್ತೇನೆ ಎಂದೆ.

"ಹೇಳಿ ಎಂತ ಮಾಡ್ತೀ? ನನ್ನ ಕಣ್ಣು ಬರ್ತದಾ?"

ಹದಿನೈದು ದಿನದಲ್ಲಿ ವರ್ಕ್‌ಶಾಪಿನವರು ಟಿಕೆಟ್ ಕೊಟ್ಟು ಅವರನ್ನು ಊರಿಗೆ ಕಳಿಸಿದರು. ಹೊರಡುವಾಗ ಪುಸ್ತಕ ನನ್ನ ಕೈಗಿಟ್ಟರು. "ನನಗಿನ್ನು ಎಂತಕ್ಕೆ?" ತಪ್ಪಾಯಿತು ಎನ್ನಬೇಕಿತ್ತು. ಊಟ ಆಯಿತಾ ಎಂದು ಕೇಳಿದೆ...

ತೀರಿಕೊಂಡರೆಂದು ಆಮೇಲೆ ಯಾರೋ ಹೇಳಿದರು. ಈಗ ಸಣ್ಣ ಅಕ್ಷರ ನನಗೂ ಕಾಣುವುದಿಲ್ಲ. ಮೊಮ್ಮಗಳಿಂದ ತಲೆಬರಹ ಓದಿಸಿ, ಟ್ಯಾನ್ ಪುಟ ತೆಗೆಸಿ, ಪಾಯಿಂಟ್ ಆರು ಹುಡುಕಿಸಿದೆ. ಮೂವತ್ತು ಡಿಗ್ರಿ ಐವತ್ತೆಂಟು ಮಿನಿಟು ಎಂದಳು.

ಇನ್ನೊಮ್ಮೆ ನೋಡು ಎಂದೆ. ನೋಡಿದಳು. ಅದೇ.